ಆರ್ಕೊ ಅರೀನಾದ ಎಂಟು ಋತುಗಳು: ಸ್ಯಾಕ್ರಮೆಂಟೊ ಕಿಂಗ್ಸ್ ತಂಡ, 1998–2006

ಎನ್‌ಬಿಎ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿರುವ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಶಸ್ತಿ ಗೆದ್ದ ತಂಡಗಳ ವಂಶಾವಳಿಯಾಗಿಯೇ ಬರೆಯುತ್ತಾರೆ. ಆ ವಂಶಾವಳಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿಯಾದ ಸ್ಯಾಕ್ರಮೆಂಟೊ ಊರಿನ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೂ 1999ರ ಆರಂಭದಿಂದ 2006ರವರೆಗಿನ ಎಂಟು ಋತುಗಳಲ್ಲಿ ಆ ಊರಿನ ಕಿಂಗ್ಸ್ ತಂಡ ಆಡಿದ ಆಟವನ್ನು ಕಂಡವರು ಇಂದಿಗೂ ಅದರ ಮಾತೆತ್ತಿದಾಗ ಸೋಲುಗೆಲುವಿನ ಲೆಕ್ಕಕ್ಕೆ ಮೊದಲು ಚೆಂಡು ಕೈಯಿಂದ ಕೈಗೆ ಸಾಗುತ್ತಿದ್ದ ಬಗೆಯನ್ನು ನೆನೆಯುತ್ತಾರೆ. ಆ ತಂಡ ಹೇಗೆ ಕೂಡಿಬಂತು, ಎಂಥ ಆಟ ಆಡಿತು, ಎಲ್ಲಿ ತಡೆದು ನಿಂತಿತು, ಅದರ ನೆನಪನ್ನು ಹೊತ್ತ ಜನ ಮುಂದೆ ತಮ್ಮ ಊರಿಗೆ ಏನನ್ನು ಉಳಿಸಿಕೊಟ್ಟರು ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಕಿಂಗ್ಸ್ ಸಂಸ್ಥೆ ಹುಟ್ಟಿದ್ದು ಸ್ಯಾಕ್ರಮೆಂಟೊದಲ್ಲಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ರಾಯಲ್ಸ್ ಎಂಬ ಹೆಸರಿನಲ್ಲಿದ್ದ ಈ ತಂಡ 1951ರಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ ಸೋಲಿಸಿ ಎನ್‌ಬಿಎ ಪ್ರಶಸ್ತಿ ಪಡೆದಿತ್ತು. 1957ರಲ್ಲಿ ಸಿನ್ಸಿನಾಟಿಗೆ, 1972ರಲ್ಲಿ ಕಾನ್ಸಾಸ್ ಸಿಟಿಗೆ ಸಾಗಿ, ಅಲ್ಲಿ ರಾಯಲ್ಸ್ ಹೆಸರಿನ ಬೇಸ್‌ಬಾಲ್ ತಂಡ ಆಗಲೇ ಇದ್ದುದರಿಂದ ಕಿಂಗ್ಸ್ ಎಂದು ಹೆಸರು ಬದಲಿಸಿಕೊಂಡು, 1985ರಲ್ಲಿ ಸ್ಯಾಕ್ರಮೆಂಟೊಕ್ಕೆ ಬಂದು ನೆಲೆಸಿತು. ಮೂರು ವರ್ಷ 10,333 ಆಸನಗಳ ತಾತ್ಕಾಲಿಕ ಕಟ್ಟಡದಲ್ಲಿ ಆಡಿದ ಮೇಲೆ, 1988ರಲ್ಲಿ ಊರಿನ ಉತ್ತರಕ್ಕಿರುವ ನಟೋಮಸ್‌ನ ಬಯಲಿನಲ್ಲಿ ಎದ್ದ ಆರ್ಕೊ ಅರೀನಾ ಅದರ ಮನೆಯಾಯಿತು. ಅಮೆರಿಕದ ನಾಲ್ಕು ದೊಡ್ಡ ಕ್ರೀಡಾ ಲೀಗುಗಳಲ್ಲಿ ಈ ಊರಿಗೆ ಆಗ ದಕ್ಕಿದ್ದು ಈ ಒಂದೇ ತಂಡವಾದ್ದರಿಂದ, ಲಾಸ್ ಏಂಜಲಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನೆರಳಿನಲ್ಲಿದ್ದ ರಾಜಧಾನಿಯ ಜನ ಅದನ್ನು ತಮ್ಮ ಮನೆಮಗನಂತೆ ಕಂಡರು. 1990–91ರ ಋತುವಿನಲ್ಲಿ ಪರಸ್ಥಳದಲ್ಲಿ ಆಡಿದ 41 ಪಂದ್ಯಗಳಲ್ಲಿ ಕಿಂಗ್ಸ್ ಗೆದ್ದದ್ದು ಒಂದನ್ನು ಮಾತ್ರ. ಆಗಲೂ ತವರಿನ ಆಸನಗಳು ಖಾಲಿ ಬೀಳಲಿಲ್ಲ. ಮುಂದೆ ಬಂದ ಒಳ್ಳೆಯ ದಿನಗಳನ್ನು ಈ ಜನ ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದೇಕೆ ಎಂಬುದು ಈ ಹಿನ್ನೆಲೆ ತಿಳಿಯದೆ ಅರ್ಥವಾಗುವುದಿಲ್ಲ.

ಆ ಬರಗಾಲದ ವರ್ಷಗಳಲ್ಲಿ ತಂಡದ ಮಾನ ಕಾಯ್ದವನು ಮಿಚ್ ರಿಚ್ಮಂಡ್. ಅವನನ್ನೇ 1998ರ ಮೇ ತಿಂಗಳಲ್ಲಿ ಬಿಟ್ಟುಕೊಟ್ಟು ವಾಷಿಂಗ್ಟನ್ ತಂಡದಿಂದ ಕ್ರಿಸ್ ವೆಬ್ಬರ್‌ನನ್ನು ತಂದಾಗ ಊರಿನಲ್ಲಿ ಹಲವರಿಗೆ ನೋವಾಯಿತು. ವೆಬ್ಬರ್‌ಗೂ ಸ್ಯಾಕ್ರಮೆಂಟೊಕ್ಕೆ ಬರಲು ಮನಸ್ಸಿರಲಿಲ್ಲ. ತಂಡದ ಆಟಗಾರರನ್ನು ಆರಿಸುವ ಹೊಣೆ ಹೊತ್ತಿದ್ದ ಜೆಫ್ ಪೆಟ್ರಿ ಮಾಡಿದ ಈ ವಿನಿಮಯವೇ ಮುಂದಿನದಕ್ಕೆಲ್ಲ ಬುನಾದಿಯಾಯಿತು. ಅದೇ ವರ್ಷ ರಿಕ್ ಆಡೆಲ್ಮನ್ ಕೋಚ್ ಆಗಿ ಬಂದ. ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಏಳನೆಯವನಾಗಿ ಜೇಸನ್ ವಿಲಿಯಮ್ಸ್ ಸಿಕ್ಕ. 1996ರಲ್ಲಿಯೇ ಆಯ್ಕೆಯಾಗಿ ಗ್ರೀಸ್‌ನಲ್ಲಿ ಆಡುತ್ತಿದ್ದ ಸರ್ಬಿಯನ್ ಯುವಕ ಪೇಯಾ ಸ್ಟೊಯಾಕೊವಿಚ್ ಕೊನೆಗೂ ಅಮೆರಿಕಕ್ಕೆ ಬಂದ. ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡೆದ ವೇತನದ ವಿವಾದದಿಂದ ಲೀಗು ಬಾಗಿಲು ಮುಚ್ಚಿ, 1999ರ ಆರಂಭದಲ್ಲಿ ಮತ್ತೆ ತೆರೆದಾಗ, ಸರ್ಬಿಯಾದವನೇ ಆದ ವ್ಲಾಡೆ ಡಿವಾಟ್ಸ್ ಕಿಂಗ್ಸ್ ಸೇರಿದ. ಆ ವಸಂತದಲ್ಲಿ ನೇಟೊ ಪಡೆಗಳು ಸರ್ಬಿಯಾ ಸೇರಿದ್ದ ಯುಗೊಸ್ಲಾವಿಯಾದ ಮೇಲೆ ಬಾಂಬು ಸುರಿಸುತ್ತಿದ್ದವು ಎಂಬುದನ್ನು ನೆನೆದರೆ, ತವರಿನ ಸುದ್ದಿಗೆ ಕಿವಿಯೊಡ್ಡುತ್ತಲೇ ಅಮೆರಿಕದ ಅಂಗಳದಲ್ಲಿ ಆಡಿದ ಈ ಇಬ್ಬರ ಮನಃಸ್ಥೈರ್ಯವನ್ನು ಮೆಚ್ಚದಿರಲಾಗದು. ಡಿವಾಟ್ಸ್ ಕುರಿತ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು: 1996ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡ ಷಾರ್ಲಟ್ ತಂಡಕ್ಕೆ ಇವನನ್ನು ಕೊಟ್ಟು, ಬದಲಿಗೆ ಪಡೆದದ್ದು ಕೋಬಿ ಬ್ರಯಂಟ್ ಎಂಬ ಹದಿಹರೆಯದ ಹುಡುಗನನ್ನು.

ಈ ತಂಡದ ಆಟದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವುದು ಅಗತ್ಯ, ಏಕೆಂದರೆ ಅಭಿಮಾನಿಗಳ ನೆನಪೆಲ್ಲ ನಿಂತಿರುವುದು ಅದರ ಮೇಲೆಯೇ. ಆ ಕಾಲದ ಎನ್‌ಬಿಎಯಲ್ಲಿ ರೂಢಿಯಲ್ಲಿದ್ದ ಕ್ರಮವೆಂದರೆ ಚೆಂಡನ್ನು ಒಬ್ಬ ಬಲಾಢ್ಯನಿಗೆ ಕೊಟ್ಟು, ಉಳಿದ ನಾಲ್ವರು ದೂರ ಸರಿದು, ಅವನು ತನ್ನ ಎದುರಾಳಿಯನ್ನು ಒಂಟಿಯಾಗಿ ಮಣಿಸುವುದನ್ನು ಕಾಯುವುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 29 ವರ್ಷ ಕೋಚ್ ಆಗಿದ್ದು ನಿವೃತ್ತನಾದ ಪೀಟ್ ಕ್ಯಾರಿಲ್, ಅಲ್ಲಿಯೇ ಓದಿ ಅವನ ಕೈಕೆಳಗೆ ಆಡಿದ್ದ ಪೆಟ್ರಿಯ ಕರೆಗೆ ಓಗೊಟ್ಟು ಸ್ಯಾಕ್ರಮೆಂಟೊದಲ್ಲಿ ಸಹಾಯಕ ಕೋಚ್ ಆಗಿದ್ದ. ಅವನು ಕಲಿಸಿದ ಕ್ರಮ ಇದಕ್ಕೆ ತೀರ ಬೇರೆಯಾಗಿತ್ತು. ಅದರಲ್ಲಿ ತಂಡದ ಎತ್ತರದ ಆಟಗಾರ ಬುಟ್ಟಿಯ ಬುಡದಲ್ಲಿ ನಿಲ್ಲದೆ, ಫ್ರೀ ಥ್ರೋ ಗೆರೆಯ, ಅಂದರೆ ತಪ್ಪಿಗೆ ಪರಿಹಾರವಾಗಿ ಯಾರ ಅಡ್ಡಿಯೂ ಇಲ್ಲದೆ ಚೆಂಡೆಸೆಯಲು ಗೊತ್ತುಮಾಡಿದ ಗೆರೆಯ, ಅಂಚಿಗೆ ಬಂದು ನಿಲ್ಲುತ್ತಾನೆ. ಹೈ ಪೋಸ್ಟ್ ಎನ್ನುವ ಆ ಜಾಗದಲ್ಲಿ ಚೆಂಡು ಹಿಡಿದ ಅವನ ಸುತ್ತ ಉಳಿದವರು ಎಡೆಬಿಡದೆ ಓಡುತ್ತಾರೆ. ರಕ್ಷಕನೊಬ್ಬ ಚೆಂಡನ್ನು ತಡೆಯುವ ಆತುರದಲ್ಲಿ ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಅವನ ಬೆನ್ನ ಹಿಂದಿನಿಂದ ಬುಟ್ಟಿಯ ಕಡೆಗೆ ನುಗ್ಗುವವನಿಗೆ ಚೆಂಡು ತಲುಪುತ್ತದೆ. ಹಿತ್ತಿಲ ಬಾಗಿಲಿನಿಂದ ಮನೆ ಹೊಕ್ಕಂತಿರುವ ಈ ಓಟಕ್ಕೆ ಬ್ಯಾಕ್‌ಡೋರ್ ಕಟ್ ಎಂದು ಹೆಸರು.

ಈ ಕ್ರಮ ಫಲಿಸಬೇಕಾದರೆ ಎತ್ತರದವರಿಗೆ ಚಿಕ್ಕವರಷ್ಟೇ ಚುರುಕಾದ ಕಣ್ಣು ಮತ್ತು ಕೈ ಇರಬೇಕು. ವೆಬ್ಬರ್ ಮತ್ತು ಡಿವಾಟ್ಸ್ ಇಬ್ಬರಲ್ಲಿಯೂ ಅದು ಇತ್ತು. ಒಂದೇ ತಂಡದ ಇಬ್ಬರು ದೈತ್ಯರು ಹೀಗೆ ಪಾಸ್ ಕೊಡುವುದನ್ನು ಲೀಗು ಅಲ್ಲಿಯವರೆಗೆ ಹೆಚ್ಚಾಗಿ ಕಂಡಿರಲಿಲ್ಲ. ಡಿವಾಟ್ಸ್ ತಲೆಯ ಹಿಂದಿನಿಂದ, ಬೆನ್ನ ಬಳಸಿ, ಎಲ್ಲಿಯೋ ನೋಡುತ್ತ ಇನ್ನೆಲ್ಲಿಗೋ ಚೆಂಡು ಕಳಿಸುತ್ತಿದ್ದ; ಸ್ಟೊಯಾಕೊವಿಚ್ ಅದನ್ನು ಹಿಡಿದ ಮರುಕ್ಷಣವೇ ಮೂರು ಅಂಕದ ಗೆರೆಯ ಆಚೆಯಿಂದ ಎಸೆಯುತ್ತಿದ್ದ. ಚೆಂಡು ನೆಲ ಮುಟ್ಟದೆಯೇ ನಾಲ್ಕೈದು ಕೈ ದಾಟಿ ಬುಟ್ಟಿ ಸೇರುವ ಆ ಹೊತ್ತನ್ನು ಸಂಗೀತ ಕಛೇರಿಯ ಸವಾಲ್ ಜವಾಬಿಗೆ ಹೋಲಿಸಿದರೆ ತಪ್ಪಾಗದು. 2001ರ ಫೆಬ್ರವರಿಯಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಈ ತಂಡವನ್ನು ಮುಖಪುಟದಲ್ಲಿ ಅಚ್ಚಿಸಿ ಅಂಗಳದ ಮೇಲಿನ ಅತಿ ದೊಡ್ಡ ಪ್ರದರ್ಶನವೆಂದು ಕರೆದದ್ದು ಈ ಆಟಕ್ಕೆ ಸಂದ ಮನ್ನಣೆ.

ಫಲಿತಾಂಶಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದವು. 1999ರ ಮೊಟಕಾದ ಋತುವಿನಲ್ಲಿ 27 ಗೆಲುವು, ಮರು ಋತುವಿನಲ್ಲಿ 44, ಅದರಾಚೆಗೆ 55. ಋತುವಿನ ನಂತರ ಮುಂಚೂಣಿಯ ತಂಡಗಳು ಸರಣಿಗಳಾಗಿ ಆಡುವ ಪ್ಲೇಆಫ್ ಹಂತದಲ್ಲಿ ಮೊದಲ ವರ್ಷ ಯೂಟಾ ತಂಡ ಐದನೆಯ ಪಂದ್ಯದಲ್ಲಿ ತಡೆಯಿತು. 2000 ಮತ್ತು 2001ರಲ್ಲಿ ತಡೆದದ್ದು ಲೇಕರ್ಸ್. ಶಕೀಲ್ ಓನೀಲ್ ಮತ್ತು ಬ್ರಯಂಟ್ ಇದ್ದ ಆ ತಂಡ ಎರಡೂ ವರ್ಷ ಪ್ರಶಸ್ತಿಯನ್ನು ಗೆದ್ದಿತು. ಲೇಕರ್ಸ್ ಕೋಚ್ ಫಿಲ್ ಜಾಕ್ಸನ್ ಸ್ಯಾಕ್ರಮೆಂಟೊವನ್ನು ಅರೆನಾಗರಿಕರ ಊರೆಂಬಂತೆ ಹೀಯಾಳಿಸಿದಾಗ ಅಲ್ಲಿನ ಪ್ರೇಕ್ಷಕರು ದನದ ಕೊರಳಗಂಟೆಗಳನ್ನು ತಂದು ಅರೀನಾದಲ್ಲಿ ಬಾರಿಸತೊಡಗಿದರು; ಅಂದಿನಿಂದ ಆ ಗಂಟೆ ಊರಿನ ಸ್ವಾಭಿಮಾನದ ಗುರುತಾಯಿತು. 17,317 ಆಸನಗಳ ಆ ಕಟ್ಟಡದ ಸದ್ದು ಲೀಗಿನಲ್ಲೆಲ್ಲ ಹೆಸರಾಗಿತ್ತು.

2001ರ ಬೇಸಿಗೆಯಲ್ಲಿ ಪೆಟ್ರಿ ಮತ್ತೊಂದು ಕಠಿಣ ನಿರ್ಧಾರ ಕೈಗೊಂಡ. ಚಮತ್ಕಾರದ ಪಾಸುಗಳಿಂದ ಮಕ್ಕಳ ಮೆಚ್ಚಿನವನಾಗಿದ್ದರೂ ಚೆಂಡನ್ನು ಆಗಾಗ ಎದುರಾಳಿಗೆ ಒಪ್ಪಿಸಿಬಿಡುತ್ತಿದ್ದ ಜೇಸನ್ ವಿಲಿಯಮ್ಸ್‌ನನ್ನು ಗ್ರಿಜ್ಲೀಸ್ ತಂಡಕ್ಕೆ ಕೊಟ್ಟು, ಅಲ್ಲಿಂದ ಶಾಂತಸ್ವಭಾವದ ಮೈಕ್ ಬಿಬಿಯನ್ನು ತಂದ. ಹಿಂದಿನ ವರ್ಷವೇ ಟೊರಾಂಟೊದಿಂದ ಬಂದಿದ್ದ ಡಗ್ ಕ್ರಿಸ್ಟಿ ಎದುರಾಳಿಗಳ ಉತ್ತಮ ಆಟಗಾರನನ್ನು ಕಟ್ಟಿಹಾಕುವ ಕೆಲಸ ನೋಡಿಕೊಂಡ. ಇವರಿಬ್ಬರ ಜೊತೆಗೆ ವೆಬ್ಬರ್, ಡಿವಾಟ್ಸ್, ಸ್ಟೊಯಾಕೊವಿಚ್ ಸೇರಿ ಆರಂಭದ ಐವರಾದರೆ, ಬೆಂಚಿನಿಂದ ಎದ್ದುಬರುತ್ತಿದ್ದ ಬಾಬಿ ಜಾಕ್ಸನ್, ತುರ್ಕಿಯ ಹೇಡೊ ತುರ್ಕೊಲು, ಸ್ಕಾಟ್ ಪೊಲಾರ್ಡ್ ಬೇರೆ ಯಾವ ತಂಡದಲ್ಲಿಯೂ ಆರಂಭಿಕರಾಗಬಲ್ಲವರಾಗಿದ್ದರು. 2001–02ರಲ್ಲಿ ಈ ತಂಡ 82 ಪಂದ್ಯಗಳಲ್ಲಿ 61 ಗೆದ್ದು ಇಡೀ ಲೀಗಿಗೆ ಮೊದಲನೆಯದಾಯಿತು. ತವರಿನ 41 ಪಂದ್ಯಗಳಲ್ಲಿ ಸೋತದ್ದು ಐದನ್ನು ಮಾತ್ರ. ಪ್ಲೇಆಫ್‌ನಲ್ಲಿ ಯೂಟಾ, ಡಲ್ಲಸ್ ತಂಡಗಳನ್ನು ದಾಟಿ, ಪಶ್ಚಿಮ ವಿಭಾಗದ ಅಂತಿಮ ಸರಣಿಯಲ್ಲಿ ಅದು ಮತ್ತೆ ಲೇಕರ್ಸ್‌ಗೆ ಎದುರಾಯಿತು. ಆದರೆ ಡಲ್ಲಸ್ ಸರಣಿಯಲ್ಲಿ ಸ್ಟೊಯಾಕೊವಿಚ್‌ನ ಕಣಕಾಲು ಉಳುಕಿದ್ದರಿಂದ, ತಂಡದ ಅತ್ಯುತ್ತಮ ಎಸೆತಗಾರನಿಗೆ ಲೇಕರ್ಸ್ ಸರಣಿಯ ಮೊದಲ ನಾಲ್ಕು ಪಂದ್ಯಗಳಲ್ಲಿ ಆಡಲಾಗಲಿಲ್ಲ.

ಸರಣಿಯ ಮೊದಲ ಪಂದ್ಯ ಸೋತ ಕಿಂಗ್ಸ್ ಎರಡನೆಯದನ್ನು ತವರಿನಲ್ಲಿಯೂ ಮೂರನೆಯದನ್ನು ಲಾಸ್ ಏಂಜಲಿಸ್‌ನಲ್ಲಿಯೂ ಗೆದ್ದು ಮುಂದಾಯಿತು. ಮೇ 26ರಂದು ನಡೆದ ನಾಲ್ಕನೆಯ ಪಂದ್ಯದಲ್ಲಿ ಅದು ಒಂದು ಹಂತದಲ್ಲಿ 24 ಅಂಕಗಳಿಂದ ಮುಂದಿತ್ತು. ಅದನ್ನು ಗೆದ್ದಿದ್ದರೆ ಮೂರು–ಒಂದರ ಮುನ್ನಡೆ ದೊರೆಯುತ್ತಿತ್ತು. ಮೊದಲರ್ಧದ ಕೊನೆಯಲ್ಲಿ ಲೇಕರ್ಸ್‌ನ ಸಮಾಕಿ ವಾಕರ್ ಅಂಗಳದ ನಡುವಿನಿಂದ ಎಸೆದ ಚೆಂಡು, ವೇಳೆ ಮುಗಿದ ಮೇಲೆ ಅವನ ಕೈಬಿಟ್ಟಿತ್ತೆಂದು ಚಿತ್ರಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕಂಡರೂ, ರೆಫರಿಗಳು ಅದನ್ನು ಮರುಪರಿಶೀಲಿಸುವ ನಿಯಮ ಆಗ ಇರಲಿಲ್ಲವಾಗಿ ಮೂರು ಅಂಕಗಳಾಗಿ ಉಳಿಯಿತು. ಪಂದ್ಯದ ಕೊನೆಯ ಕ್ಷಣದಲ್ಲಿ 99–97ರಿಂದ ಕಿಂಗ್ಸ್ ಮುಂದಿದ್ದಾಗ ಬ್ರಯಂಟ್ ಎಸೆದದ್ದು ತಪ್ಪಿತು, ಓನೀಲ್ ಎಸೆದದ್ದೂ ತಪ್ಪಿತು. ಬುಟ್ಟಿಯ ಬಳಿಯ ಅಪಾಯವನ್ನು ದೂರ ಮಾಡಲೆಂದು ಡಿವಾಟ್ಸ್ ಚೆಂಡನ್ನು ಹೊರಕ್ಕೆ ತಟ್ಟಿದ. ಅದು ನೇರವಾಗಿ ಮೂರು ಅಂಕದ ಗೆರೆಯ ಹೊರಗೆ ನಿಂತಿದ್ದ ರಾಬರ್ಟ್ ಹೋರಿಯ ಕೈಗೆ ಹೋಯಿತು. ಅವನು ಎಸೆದ ಚೆಂಡು ಗಾಳಿಯಲ್ಲಿರುವಾಗಲೇ ವೇಳೆ ಮುಗಿಯಿತು, ಚೆಂಡು ಬುಟ್ಟಿಯೊಳಗೆ ಬಿತ್ತು. ಲೇಕರ್ಸ್ 100, ಕಿಂಗ್ಸ್ 99. ಒಂದು ಅಂಕದ ಈ ಸೋಲಿನಲ್ಲಿ ವಾಕರ್‌ನ ಮೂರು ಅಂಕಗಳು ಸೇರಿದ್ದವೆಂಬುದನ್ನು ಸ್ಯಾಕ್ರಮೆಂಟೊ ಮರೆತಿಲ್ಲ. ಮರು ಋತುವಿನಿಂದಲೇ ಲೀಗು ಇಂಥ ಎಸೆತಗಳನ್ನು ಚಿತ್ರಮುದ್ರಿಕೆಯ ನೆರವಿನಿಂದ ಪರಿಶೀಲಿಸುವ ನಿಯಮ ತಂದಿತು.

ಐದನೆಯ ಪಂದ್ಯದಲ್ಲಿ ಎಂಟು ಸೆಕೆಂಡುಗಳಷ್ಟೇ ಉಳಿದಿರುವಾಗ ಬಿಬಿ ಎಸೆದ ಚೆಂಡಿನಿಂದ ಕಿಂಗ್ಸ್ 92–91ರಲ್ಲಿ ಗೆದ್ದಿತು. ಆರ್ಕೊ ಅರೀನಾದ ಚರಿತ್ರೆಯ ಅತಿ ದೊಡ್ಡ ಸದ್ದು ಯಾವುದೆಂದು ಹಳೆಯ ಅಭಿಮಾನಿಗಳನ್ನು ಕೇಳಿದರೆ ಬಹುಪಾಲು ಮಂದಿ ಈ ಎಸೆತವನ್ನೇ ಹೆಸರಿಸುತ್ತಾರೆ. ಫೈನಲ್‌ಗೆ ಇನ್ನೊಂದೇ ಗೆಲುವು ಬಾಕಿಯಿತ್ತು.

ಮೇ 31ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ಆರನೆಯ ಪಂದ್ಯ ಎನ್‌ಬಿಎ ಚರಿತ್ರೆಯ ಅತ್ಯಂತ ವಿವಾದಿತ ಪಂದ್ಯಗಳಲ್ಲೊಂದು. ಲೇಕರ್ಸ್ 106–102ರಲ್ಲಿ ಗೆದ್ದ ಆ ಪಂದ್ಯದಲ್ಲಿ ಅದಕ್ಕೆ 40 ಫ್ರೀ ಥ್ರೋಗಳು, ಕಿಂಗ್ಸ್‌ಗೆ 25. ಲೇಕರ್ಸ್‌ನ ನಲವತ್ತರಲ್ಲಿ 27 ಸಿಕ್ಕಿದ್ದು ಪಂದ್ಯದ ಕೊನೆಯ ಕಾಲು ಭಾಗವಾದ ಹನ್ನೆರಡು ನಿಮಿಷಗಳಲ್ಲಿಯೇ. ಓನೀಲ್‌ನನ್ನು ತಡೆಯಬೇಕಾಗಿದ್ದ ಡಿವಾಟ್ಸ್ ಮತ್ತು ಪೊಲಾರ್ಡ್ ಇಬ್ಬರೂ ಆರು ಫೌಲುಗಳ ಮಿತಿ ಮುಟ್ಟಿ ಹೊರನಡೆದರು. ಕೊನೆಯ ಕ್ಷಣಗಳಲ್ಲಿ ಬ್ರಯಂಟ್‌ನ ಮೊಣಕೈ ಬಿಬಿಯ ಮೂಗಿಗೆ ಬಡಿದು ರಕ್ತ ಬಂದರೂ ಬ್ರಯಂಟ್ ಮೇಲೆ ಫೌಲ್ ಘೋಷಣೆಯಾಗಲಿಲ್ಲ. ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಈ ಪಂದ್ಯದ ನಿರ್ಣಯಗಳ ಪರಿಶೀಲನೆಯಾಗಬೇಕೆಂದು ಲೀಗಿನ ಕಮಿಷನರ್‌ಗೆ ಪತ್ರ ಬರೆದ. ಆರು ವರ್ಷಗಳ ನಂತರ, ಬೆಟ್ಟಿಂಗ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದ ಮಾಜಿ ರೆಫರಿಯೊಬ್ಬ, 2002ರ ಸರಣಿಯೊಂದನ್ನು ಏಳನೆಯ ಪಂದ್ಯಕ್ಕೆ ಎಳೆಯಲು ಇಬ್ಬರು ರೆಫರಿಗಳು ಪಕ್ಷಪಾತ ಮಾಡಿದರೆಂದು ನ್ಯಾಯಾಲಯಕ್ಕೆ ಹೇಳಿದ. ಲೀಗು ಅದನ್ನು ಸಂಪೂರ್ಣವಾಗಿ ಅಲ್ಲಗಳೆಯಿತು, ಆರೋಪ ಸಾಬೀತಾಗಲೂ ಇಲ್ಲ. ಸಂಚು ನಡೆಯಿತೆಂದು ಹೇಳಲು ಆಧಾರ ಸಾಲದಾದರೂ, ಅಂದಿನ ನಿರ್ಣಯಗಳು ಕೆಟ್ಟವಾಗಿದ್ದವು ಮತ್ತು ಒಂದೇ ತಂಡಕ್ಕೆ ಅನುಕೂಲವಾಗಿ ವಾಲಿದ್ದವು ಎಂಬ ಮಾತನ್ನು ಪಂದ್ಯದ ಚಿತ್ರಮುದ್ರಿಕೆ ನೋಡಿದ ನಿಷ್ಪಕ್ಷಪಾತಿ ಅಲ್ಲಗಳೆಯಲಾರ.

ಆದರೆ ಅಭಿಮಾನಿಗಳಲ್ಲಿ ಪ್ರಾಮಾಣಿಕರಾದವರು ತಾವೇ ಒಪ್ಪಿಕೊಳ್ಳುವ ಮಾತೊಂದಿದೆ: ಜೂನ್ 2ರ ಏಳನೆಯ ಪಂದ್ಯ ನಡೆದದ್ದು ಆರ್ಕೊ ಅರೀನಾದಲ್ಲಿ, ತಮ್ಮವರ ನಡುವೆ. ನಿಗದಿತ ವೇಳೆಯಲ್ಲಿ 100–100ರ ಸಮಬಲವಾಗಿ, ಹೆಚ್ಚುವರಿ ಐದು ನಿಮಿಷಗಳಲ್ಲಿ ಲೇಕರ್ಸ್ 112–106ರಿಂದ ಗೆದ್ದ ಆ ಪಂದ್ಯದಲ್ಲಿ ಕಿಂಗ್ಸ್ 30 ಫ್ರೀ ಥ್ರೋಗಳಲ್ಲಿ 14ನ್ನು ತಪ್ಪಿಸಿಕೊಂಡಿತು. ಮೂರು ಅಂಕದ 20 ಎಸೆತಗಳಲ್ಲಿ ಬುಟ್ಟಿ ಸೇರಿದ್ದು ಎರಡೇ. ಇನ್ನೂ ಪೂರ್ತಿ ಗುಣವಾಗದ ಕಾಲಿನಲ್ಲಿ ಅಂಗಳಕ್ಕಿಳಿದಿದ್ದ ಸ್ಟೊಯಾಕೊವಿಚ್ ಕೊನೆಯ ಕ್ಷಣಗಳಲ್ಲಿ, ಯಾರೂ ಅಡ್ಡವಿಲ್ಲದ ಜಾಗದಿಂದ ಎಸೆದ ಚೆಂಡು ಬುಟ್ಟಿಯ ಕಂಬಿಯನ್ನೂ ಮುಟ್ಟಲಿಲ್ಲ. ಒತ್ತಡದಲ್ಲಿ ಕೈ ನಡುಗದೆ ಆಡಿದವನು ಬಿಬಿ. ಉಳಿದವರಿಗೆ ಚೆಂಡು ಭಾರವಾಯಿತು. ಆರನೆಯ ಪಂದ್ಯ ಅವರ ಕೈಯಿಂದ ಕಸಿಯಲ್ಪಟ್ಟಿತೆನ್ನಬಹುದು. ಏಳನೆಯದನ್ನು ಅವರು ಸೋತರು. ಪೂರ್ವ ವಿಭಾಗದಿಂದ ಬಂದಿದ್ದ ನ್ಯೂಜೆರ್ಸಿ ತಂಡವನ್ನು ಲೇಕರ್ಸ್ ಫೈನಲ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿದ್ದರಿಂದ, ಆ ವರ್ಷದ ನಿಜವಾದ ಫೈನಲ್ ಸ್ಯಾಕ್ರಮೆಂಟೊದಲ್ಲಿಯೇ ಮುಗಿದಿತ್ತೆಂಬ ಮಾತು ಚಾಲ್ತಿಗೆ ಬಂತು, ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ.

2002–03ರಲ್ಲಿ 59 ಪಂದ್ಯ ಗೆದ್ದ ತಂಡ ಹಿಂದಿನದಕ್ಕಿಂತ ಸಮೃದ್ಧವಾಗಿತ್ತೆಂದು ವಾದಿಸುವವರಿದ್ದಾರೆ. ಬೆಂಚಿನಿಂದ ಬಂದು ಆಡುವವರಲ್ಲಿ ಲೀಗಿಗೇ ಉತ್ತಮನೆಂಬ ಪುರಸ್ಕಾರ ಆ ವರ್ಷ ಬಾಬಿ ಜಾಕ್ಸನ್‌ಗೆ ಸಂದಿತು. ಆದರೆ ಡಲ್ಲಸ್ ವಿರುದ್ಧದ ಸರಣಿಯ ಎರಡನೆಯ ಪಂದ್ಯದಲ್ಲಿ ವೆಬ್ಬರ್‌ನ ಮೊಣಕಾಲಿಗೆ ಪೆಟ್ಟಾಯಿತು, ಸರಣಿ ಏಳನೆಯ ಪಂದ್ಯದಲ್ಲಿ ಕೈತಪ್ಪಿತು. ಶಸ್ತ್ರಚಿಕಿತ್ಸೆಯಾಗಿ ಮರಳಿದ ವೆಬ್ಬರ್ ಮೊದಲಿನಂತೆ ನೆಗೆಯಲಿಲ್ಲ. 2003–04ರಲ್ಲಿ ಅವನ ಗೈರಿನಲ್ಲಿ ಸ್ಟೊಯಾಕೊವಿಚ್ ಪಂದ್ಯವೊಂದಕ್ಕೆ ಸರಾಸರಿ 24.2 ಅಂಕ ಗಳಿಸಿ ತಂಡವನ್ನು ನಡೆಸಿದ. 2004ರ ಮೇ 19ರಂದು ಮಿನೆಸೋಟ ವಿರುದ್ಧದ ಏಳನೆಯ ಪಂದ್ಯದಲ್ಲಿ ಮೂರು ಅಂಕಗಳಿಂದ ಹಿಂದಿದ್ದಾಗ, ಕೊನೆಯ ಕ್ಷಣ ವೆಬ್ಬರ್ ಎಸೆದ ಚೆಂಡು ಬುಟ್ಟಿಯೊಳಗೆ ಇಳಿಯುವಂತಾಗಿ ಹೊರಕ್ಕೆ ಸಿಡಿಯಿತು.

ಅಲ್ಲಿಂದ ಮುಂದಿನದು ಚದುರುವಿಕೆಯ ಕಥೆ. 2004ರ ಬೇಸಿಗೆಯಲ್ಲಿ ಡಿವಾಟ್ಸ್ ಲೇಕರ್ಸ್‌ಗೆ ಮರಳಿದ. 2005ರ ಜನವರಿಯಲ್ಲಿ ಕ್ರಿಸ್ಟಿ, ಫೆಬ್ರವರಿಯಲ್ಲಿ ವೆಬ್ಬರ್, 2006ರ ಜನವರಿಯಲ್ಲಿ ಸ್ಟೊಯಾಕೊವಿಚ್ ಬೇರೆ ತಂಡಗಳ ಪಾಲಾದರು. 2006ರಲ್ಲಿ ಆಡೆಲ್ಮನ್‌ನ ಕರಾರು ನವೀಕರಣವಾಗಲಿಲ್ಲ. ಅವನ ಎಂಟು ಋತುಗಳಲ್ಲಿ ತಂಡ 395 ಪಂದ್ಯ ಗೆದ್ದು 229 ಸೋತಿತ್ತು, ಎಂಟೂ ವರ್ಷ ಪ್ಲೇಆಫ್ ತಲುಪಿತ್ತು. ಅವನು ಹೋದ ಮೇಲೆ ಸತತ 16 ಋತುಗಳ ಕಾಲ ಕಿಂಗ್ಸ್ ಒಮ್ಮೆಯೂ ಪ್ಲೇಆಫ್ ಕಾಣಲಿಲ್ಲ; ಇಷ್ಟು ದೀರ್ಘವಾದ ಬರ ಎನ್‌ಬಿಎಯ ಬೇರೆ ಯಾವ ತಂಡಕ್ಕೂ ಬಂದಿಲ್ಲ.

ಈ ಬರದ ವರ್ಷಗಳಲ್ಲಿಯೇ ನೆನಪು ತನ್ನ ಕೆಲಸ ಮಾಡಿತು. ಕ್ಷೌರದಂಗಡಿಯಿಂದ ಅರೀನಾದ ವಾಹನ ನಿಲ್ದಾಣದವರೆಗೆ ಊರಿನ ಮಾತುಕತೆಗಳಲ್ಲಿ ಅದೇ ಹಳೆಯ ಪ್ರಶ್ನೆಗಳು ಮರಳಿ ಬರುತ್ತಿದ್ದವು: ಸ್ಟೊಯಾಕೊವಿಚ್‌ನ ಕಣಕಾಲು ಉಳುಕದಿದ್ದರೆ, ಡಿವಾಟ್ಸ್ ತಟ್ಟಿದ ಚೆಂಡು ಒಂದು ಗಜ ಪಕ್ಕಕ್ಕೆ ಹೋಗಿದ್ದರೆ, ವೆಬ್ಬರ್‌ನ ಮೊಣಕಾಲು ಇನ್ನೆರಡು ವರ್ಷ ತಾಳಿದ್ದರೆ. ತಂಡವನ್ನು ಕಣ್ಣಾರೆ ಕಂಡ ತಂದೆತಾಯಿಗಳು ಸೋಲುವ ತಂಡವನ್ನಷ್ಟೇ ಕಂಡ ಮಕ್ಕಳಿಗೆ ಆ ಪಾಸುಗಳನ್ನು ಕೈಸನ್ನೆಯಲ್ಲಿ ತೋರಿಸಿ ಹೇಳಿಕೊಟ್ಟರು. 2011ರಲ್ಲಿ ಆಗಿನ ಮಾಲೀಕರಾದ ಮಾಲೂಫ್ ಸಹೋದರರು ತಂಡವನ್ನು ಅನಾಹೈಮ್‌ಗೆ ಒಯ್ಯಲು ಹೊರಟಾಗ, ಏಪ್ರಿಲ್ 13ರ ಋತುವಿನ ಕೊನೆಯ ಪಂದ್ಯ ಲೇಕರ್ಸ್ ವಿರುದ್ಧವೇ ನಡೆದು ಸೋಲಿನಲ್ಲಿ ಮುಗಿದ ಮೇಲೂ ಸಾವಿರಾರು ಪ್ರೇಕ್ಷಕರು ಆಸನ ಬಿಟ್ಟೇಳದೆ ಘೋಷಣೆ ಕೂಗುತ್ತ ಕುಳಿತರು. ಎನ್‌ಬಿಎಯ ಮಾಜಿ ಆಟಗಾರನೂ ಊರಿನ ಮೇಯರನೂ ಆಗಿದ್ದ ಕೆವಿನ್ ಜಾನ್ಸನ್ ಜನರ ಚಳವಳಿಯನ್ನು ಲೀಗಿನ ಸಭೆಗಳವರೆಗೆ ಒಯ್ದ, ಅನಾಹೈಮ್‌ನ ಯೋಜನೆ ಬಿದ್ದುಹೋಯಿತು. 2013ರಲ್ಲಿ ಸಿಯಾಟಲ್‌ನ ಬಂಡವಾಳಗಾರರು ತಂಡ ಕೊಳ್ಳಲು ಮುಂದಾದಾಗ, ಮೇ 15ರಂದು ಲೀಗಿನ ಮಾಲೀಕರ ಮಂಡಳಿ 22–8 ಮತಗಳಿಂದ ಸ್ಥಳಾಂತರವನ್ನು ತಿರಸ್ಕರಿಸಿತು. ಗೆಲುವಿನ ಲಾಭ ತೋರಿಸಲಾರದ ಊರೊಂದು ತನ್ನ ತಂಡವನ್ನು ಉಳಿಸಿಕೊಂಡದ್ದು ಜನರ ಅಕ್ಕರೆಯಿಂದ. ಆ ಅಕ್ಕರೆಯ ಬಹುಭಾಗ ಬೆಳೆದದ್ದು ಆಡೆಲ್ಮನ್‌ನ ಎಂಟು ಋತುಗಳಲ್ಲಿ.

ಸಿಯಾಟಲ್‌ನವರ ಬದಲು ತಂಡವನ್ನು ಕೊಂಡ ಗುಂಪಿನ ಮುಖಂಡ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ಭಾರತದಲ್ಲಿ ಎನ್‌ಬಿಎ ತಂಡಗಳು ಮೊಟ್ಟಮೊದಲು ಆಡಿದಾಗ, 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಇಂಡಿಯಾನಾ ತಂಡಕ್ಕೆ ಎದುರಾದದ್ದು ಕಿಂಗ್ಸ್. ಆಗ ಅದರ ಜನರಲ್ ಮ್ಯಾನೇಜರ್ ಡಿವಾಟ್ಸ್. ಆಡಳಿತಗಾರನಾಗಿ ಅವನು ಯಶಸ್ವಿಯಾಗಲಿಲ್ಲ, 2018ರ ಹೊಸ ಆಟಗಾರರ ಆಯ್ಕೆಯಲ್ಲಿ, ಮುಂದೆ ಲೀಗಿನ ತಾರೆಯಾದ ಲೂಕಾ ಡಾನ್ಚಿಚ್‌ನನ್ನು ಆರಿಸದೆ ಬಿಟ್ಟದ್ದು ದೊಡ್ಡ ತಪ್ಪು. ಆದರೂ ಜನ ಆಡಳಿತಗಾರ ಡಿವಾಟ್ಸ್‌ನನ್ನೂ ಆಟಗಾರ ಡಿವಾಟ್ಸ್‌ನನ್ನೂ ಬೇರೆ ಬೇರೆಯಾಗಿಯೇ ಇಟ್ಟು ನೋಡಿದರು. ಪ್ಲೇಆಫ್‌ನ ಬರ 2023ರಲ್ಲಿ ಮುಗಿಯಿತು. 2025ರಲ್ಲಿ ಡಗ್ ಕ್ರಿಸ್ಟಿ ತಂಡದ ಪೂರ್ಣಾವಧಿ ಕೋಚ್ ಆದ.

ಬ್ಯಾಸ್ಕೆಟ್‌ಬಾಲ್‌ನ ಪ್ರಖ್ಯಾತರ ಭವನಕ್ಕೆ ಡಿವಾಟ್ಸ್ 2019ರಲ್ಲಿ, ವೆಬ್ಬರ್ ಮತ್ತು ಆಡೆಲ್ಮನ್ 2021ರಲ್ಲಿ ಸೇರಿದರು. ಆರ್ಕೊ ಅರೀನಾವನ್ನು 2022ರಲ್ಲಿ ಕೆಡವಿ ಹಾಕಲಾಯಿತು. ಊರ ನಡುವೆ 2016ರಲ್ಲಿ ತೆರೆದ ಹೊಸ ಅರೀನಾದ ಚಾವಣಿಯಿಂದ, ಇನ್ನು ಮುಂದೆ ಯಾರಿಗೂ ಕೊಡಬಾರದೆಂದು ಸಂಸ್ಥೆ ಗೌರವದಿಂದ ಹಿಂತೆಗೆದುಕೊಂಡ ಅಂಗಿಗಳ ಸಂಖ್ಯೆಗಳು ತೂಗುತ್ತಿವೆ: ವೆಬ್ಬರ್‌ನ 4, ಸ್ಟೊಯಾಕೊವಿಚ್‌ನ 16, ಡಿವಾಟ್ಸ್‌ನ 21. ಅವುಗಳ ಜೊತೆಗೆ 6 ಎಂಬ ಸಂಖ್ಯೆಯೂ ಇದೆ. ಐವರು ಆಡುವ ಆಟದಲ್ಲಿ ಆರನೆಯ ಆಟಗಾರರೆಂದು ಸಂಸ್ಥೆ ಆ ಸಂಖ್ಯೆಯನ್ನು ತನ್ನ ಅಭಿಮಾನಿಗಳಿಗೆ ಮೀಸಲಿಟ್ಟಿದೆ.